ಸದನದ ಕ್ಯಾಮೆರಾ ಯಾರ ಕೈಯಲ್ಲಿರಬೇಕು?

ನಿಮ್ಮ ಶಾಸಕರು ಸದನದಲ್ಲಿ ಏನು ಮಾತಾಡಿದರು? ಇವತ್ತು ಫೋನಿನಲ್ಲೇ ನೋಡಬಹುದು. ಆದರೆ ಒಂದು ಕಾಲದಲ್ಲಿ, ಸಂಸತ್ತಿನಲ್ಲಿ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿದರೂ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಬೀಳಬಹುದಿತ್ತು.

ಆ ಭಯ ತೆಗೆದವರು ಸಂಸದ ಫಿರೋಜ್ ಗಾಂಧಿ. ಅವರು ತಂದ ಖಾಸಗಿ ಮಸೂದೆ 1956ರಲ್ಲಿ ಕಾನೂನಾಯಿತು. ದುರುದ್ದೇಶವಿಲ್ಲದೆ, ನಡೆದದ್ದನ್ನು ನಿಜವಾಗಿ ವರದಿ ಮಾಡಿದವರನ್ನು ಕೋರ್ಟಿಗೆ ಎಳೆಯುವಂತಿಲ್ಲ ಎಂದಾಯಿತು.

ತುರ್ತುಪರಿಸ್ಥಿತಿ ಬಂತು. 1976ರಲ್ಲಿ ಈ ಕಾನೂನು ರದ್ದು. ಮಾಡಿದ್ದು ಫಿರೋಜ್ ಅವರ ಪತ್ನಿ ಇಂದಿರಾ ಗಾಂಧಿ ಅವರ ಸರ್ಕಾರ! 1977ರಲ್ಲಿ ಜನತಾ ಸರ್ಕಾರ ಅದನ್ನು ವಾಪಸ್ ತಂದಿತು. ಆಮೇಲೆ 44ನೇ ತಿದ್ದುಪಡಿ, ಆ ರಕ್ಷಣೆಯನ್ನು ಸಂವಿಧಾನದೊಳಗೇ ಕೂರಿಸಿತು. ಅದೇ 361ಎ ವಿಧಿ. ವಿಧಾನಸಭೆಗೂ ಅನ್ವಯ.

ಈಗ ನಮ್ಮ ವಿಧಾನಸೌಧಕ್ಕೆ ಬನ್ನಿ. 2012ರ ಫೆಬ್ರವರಿ. ಸಚಿವರು ಸದನದಲ್ಲಿ ಕೂತು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದದ್ದು ಟಿವಿ ಕ್ಯಾಮೆರಾಗೆ ಸಿಕ್ಕಿತು. ಮೂವರು ಸಚಿವರು ರಾಜೀನಾಮೆ ಕೊಟ್ಟರು.

2019ರ ಅಕ್ಟೋಬರ್‌ನಲ್ಲಿ ಆಗಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ, ವಿಧಾನಸಭೆಯೊಳಗೆ ಖಾಸಗಿ ಚಾನೆಲ್‌ಗಳ ಕ್ಯಾಮೆರಾಗಳಿಗೆ ತಡೆ ಹಾಕಿದರು. ದೂರದರ್ಶನ ಕೊಡುವ ದೃಶ್ಯವನ್ನೇ ಬಳಸಿ ಎಂದರು. ನೇರಪ್ರಸಾರವೇನೋ ನಿಲ್ಲಲಿಲ್ಲ. ಆದರೆ ಯಾರನ್ನು ತೋರಿಸಬೇಕು, ಗದ್ದಲವೆದ್ದಾಗ ಎತ್ತ ತಿರುಗಬೇಕು ಎಂಬುದೆಲ್ಲ ಒಂದೇ ಕೈಗೆ ಹೋಯಿತು. ಇದು ನನಗೆ ಒಪ್ಪಿಗೆಯಿಲ್ಲ. ಸದನ ನಡೆಯುವುದು ನಮ್ಮ ತೆರಿಗೆ ದುಡ್ಡಿನಲ್ಲಿ.

ಇನ್ನು ಮಸೂದೆಗಳನ್ನು ಸಾಲುಸಾಲಾಗಿ ಜಾಲಾಡುವ ಸಂಸತ್ತಿನ ಸ್ಥಾಯಿ ಸಮಿತಿಗಳು? ಅಲ್ಲಿ ಕ್ಯಾಮೆರಾನೂ ಇಲ್ಲ, ಪತ್ರಕರ್ತರೂ ಇಲ್ಲ. ಆ ಸಭೆಗಳು ಈಗಲೂ ಮುಚ್ಚಿದ ಬಾಗಿಲ ಹಿಂದೆಯೇ ನಡೆಯುತ್ತವೆ.