ಜೇಬಿಗೆ ಹಗುರ, ಏಟಿಗೆ ಜೋರು: ಪಿಕಲ್‌ಬಾಲ್ ಪ್ಯಾಡಲ್ ಕೊಳ್ಳುವ ಮುನ್ನ

ಪಿಕಲ್‌ಬಾಲ್ ಮನೆಮಂದಿಯೆಲ್ಲ ಸೇರಿ ಆಡಬಹುದಾದ ಆಟ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ, ಬೇಸಿಗೆ ರಜೆಯಲ್ಲಿ ಬೇಜಾರು ಎನ್ನುತ್ತಿದ್ದ ಮಕ್ಕಳಿಗಾಗಿ ದೊಡ್ಡವರು ಕಟ್ಟಿದ ಆಟ ಇದು. ಕೋರ್ಟು ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ: 44 ಅಡಿ ಉದ್ದ, 20 ಅಡಿ ಅಗಲ. ತೂತು ತೂತಾದ ಒಂದು ಪ್ಲಾಸ್ಟಿಕ್ ಚೆಂಡು, ಕೈಗೊಂದು ಪ್ಯಾಡಲ್ ಇದ್ದರೆ ಆಯಿತು.

ತಲೆಬಿಸಿ ಶುರುವಾಗುವುದು ಆ ಪ್ಯಾಡಲ್ ಕೊಳ್ಳಲು ಕೂತಾಗ. ಇಪ್ಪತ್ತು ಮೂವತ್ತು ಡಾಲರಿನ ಮರದ ಪ್ಯಾಡಲ್‌ನಿಂದ ಹಿಡಿದು ಇನ್ನೂರೈವತ್ತು ಡಾಲರ್ ದಾಟುವ ಕಾರ್ಬನ್ ಪ್ಯಾಡಲ್‌ವರೆಗೆ ಸಾಲುಸಾಲು. ಜಾಹೀರಾತು ನೋಡಿದರೆ ಎಲ್ಲರದೂ 'ಪವರ್' ಮಾತೇ. ಒಂದು ಕುಟುಂಬಕ್ಕೆ ನಾಲ್ಕು ಪ್ಯಾಡಲ್ ಬೇಕಾದಾಗ ಲೆಕ್ಕ ಹಾಕಲೇಬೇಕು. ಆದ್ದರಿಂದ ಪವರ್ ಎಲ್ಲಿಂದ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ಬೆಲೆ ನೋಡಿ.

ಜೋರು ಬರುವುದು ಎಲ್ಲಿಂದ?

ಪ್ಯಾಡಲ್‌ನ ಹೊಟ್ಟೆಯೊಳಗೆ ಸಾಮಾನ್ಯವಾಗಿ ಜೇನುಗೂಡಿನಂಥ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಇರುತ್ತದೆ. ಅದರ ದಪ್ಪ ಬಹುತೇಕ 13ರಿಂದ 16 ಮಿಲಿಮೀಟರ್. ತೆಳುವಾದದ್ದು ಚೆಂಡನ್ನು ಬೇಗ ಚಿಮ್ಮಿಸುತ್ತದೆ. ದಪ್ಪನೆಯದು ಏಟನ್ನು ಸ್ವಲ್ಪ ನುಂಗಿಕೊಂಡು ಹಿಡಿತ ಕೊಡುತ್ತದೆ. ಅಂದರೆ ಪವರ್ ಬೇಕಾದವರು 14, ಹಿಡಿತ ಬೇಕಾದವರು 16 ಎಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು ಮೇಲ್ಮೈ. ಫೈಬರ್‌ಗ್ಲಾಸ್ ಹೆಚ್ಚು ಬಾಗಿ ಸ್ಪ್ರಿಂಗಿನಂತೆ ಚೆಂಡನ್ನು ಎಸೆಯುತ್ತದೆ, ಬೆಲೆಯೂ ಕಡಿಮೆ. ತರಿತರಿಯಾದ ಕಾರ್ಬನ್ ಮೇಲ್ಮೈ ಚೆಂಡಿಗೆ ತಿರುವು ಕೊಡುತ್ತದೆ. ಮೂರನೆಯದು ಆಕಾರ. ಹದಿನಾರೂವರೆ ಇಂಚು ಉದ್ದದ ನೀಳ ಪ್ಯಾಡಲ್‌ನ ತುದಿ ವೇಗವಾಗಿ ಬೀಸುತ್ತದೆ. 16 ಇಂಚು ಉದ್ದ, 8 ಇಂಚು ಅಗಲದ ಮಾಮೂಲಿ ಪ್ಯಾಡಲ್‌ನಲ್ಲಿ ಅಷ್ಟು ಜೋರಿಲ್ಲ, ಆದರೆ ಚೆಂಡು ಬದಿಗೆ ತಗುಲಿದರೂ ಕೈ ತಿರುಚುವುದಿಲ್ಲ. ಯುಎಸ್‌ಎ ಪಿಕಲ್‌ಬಾಲ್ ನಿಯಮದಂತೆ ಉದ್ದ ಅಗಲ ಸೇರಿ 24 ಇಂಚು ಮೀರಬಾರದು, ಉದ್ದ 17 ಇಂಚು ದಾಟಬಾರದು. ಹಾಗಾಗಿ ಉದ್ದ ಬೇಕೆಂದರೆ ಅಗಲ ಬಿಡಬೇಕಾಗುತ್ತದೆ.

ನೂರು ಡಾಲರಿನೊಳಗೆ

ವಾರಕ್ಕೆ ಒಂದೆರಡು ಸಲ ಆಡುವವರಿಗೆ 60ರಿಂದ 100 ಡಾಲರ್ ಸಾಕು. ಕೆಲವು ವರ್ಷಗಳ ಹಿಂದೆ ದುಬಾರಿ ಪ್ಯಾಡಲ್‌ಗಳಲ್ಲಿ ಮಾತ್ರ ಇದ್ದ ತರಿ ಕಾರ್ಬನ್ ಮೇಲ್ಮೈ, ಅಂಚಿನಲ್ಲಿ ಫೋಮ್ ತುಂಬಿದ ರಚನೆ ಈಗ ಈ ಬೆಲೆಗೂ ಸಿಗುತ್ತವೆ. ಅದಕ್ಕೂ ಮೇಲೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಭಾಗ ಹೊಸ ತಂತ್ರಕ್ಕೆ, ಸ್ವಲ್ಪ ಭಾಗ ಹೆಸರಿಗೆ ಹೋಗುತ್ತದೆ.

ಹುಡುಕುವಾಗ ಈ ಪಟ್ಟಿ ಜೊತೆಗಿರಲಿ: 14 ಮಿಲಿಮೀಟರ್ ದಪ್ಪ, ಫೈಬರ್‌ಗ್ಲಾಸ್ ಇಲ್ಲವೇ ತರಿ ಕಾರ್ಬನ್ ಮೇಲ್ಮೈ, 7.8ರಿಂದ 8.2 ಔನ್ಸ್ ತೂಕ (ಸುಮಾರು 220ರಿಂದ 232 ಗ್ರಾಂ), ಐದು ಇಂಚಿಗಿಂತ ಗಿಡ್ಡವಲ್ಲದ ಹಿಡಿ. ಹಿಡಿಯ ಸುತ್ತಳತೆಯಲ್ಲಿ ಅನುಮಾನ ಬಂದರೆ ಸಣ್ಣದನ್ನೇ ಆರಿಸಿ. ಟೇಪ್ ಸುತ್ತಿ ದಪ್ಪ ಮಾಡಬಹುದು, ಇರುವ ಹಿಡಿಯನ್ನು ಸಣ್ಣದು ಮಾಡುವುದು ಕಷ್ಟ. ಟೂರ್ನಮೆಂಟ್ ಆಡುವ ಯೋಚನೆ ಇದ್ದರೆ ಆ ಮಾದರಿ ಯುಎಸ್‌ಎ ಪಿಕಲ್‌ಬಾಲ್‌ನ ಒಪ್ಪಿಗೆ ಪಟ್ಟಿಯಲ್ಲಿದೆಯೇ ನೋಡಿ. 2024ರಲ್ಲಿ ಹೆಸರಾಂತ ಕಂಪನಿಯೊಂದರ ಕೆಲವು ಮಾದರಿಗಳನ್ನೇ ಆ ಪಟ್ಟಿಯಿಂದ ತೆಗೆದುಹಾಕಿದ್ದರು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ತೆಂಗಿನಕಾಯಿ ಆರಿಸುವಂತೆ ಬೆರಳಿನ ಗೆಣ್ಣಿನಿಂದ ಉದ್ದಗಲಕ್ಕೂ ತಟ್ಟಿ ನೋಡಿ. ಒಂದು ಕಡೆ ಮಾತ್ರ ಸದ್ದು ಮಂಕಾದರೆ, ಅಲುಗಾಡಿಸಿದಾಗ ಒಳಗೆ ಗಲಗಲ ಎಂದರೆ ಬಿಟ್ಟುಬಿಡಿ. ಒಳಗಿನ ಗೂಡು ಒಡೆದಿರಬಹುದು, ಇಲ್ಲವೇ ಮೇಲ್ಪದರ ಬಿಟ್ಟುಕೊಂಡಿರಬಹುದು. ಮೇಲ್ಮೈಯ ಮೇಲೆ ಬೆರಳಾಡಿಸಿ. ಕಾರ್ಬನ್ನಿನ ತರಿ ಸವೆದು ನುಣುಪಾಗಿದ್ದರೆ ತಿರುವು ಸಿಗುವುದಿಲ್ಲ.

ಇನ್ನೂ ಅಗ್ಗದ ದಾರಿ, ಈಗಾಗಲೇ ಇರುವ ಪ್ಯಾಡಲ್‌ನ ಎರಡೂ ಬದಿಗೆ ಎರಡು ಮೂರು ಗ್ರಾಂ ತೂಕದ ಟೇಪ್ ಅಂಟಿಸುವುದು. ಏಟಿಗೆ ಬಲವೂ ಬರುತ್ತದೆ, ಪ್ಯಾಡಲ್ ತಿರುಚುವುದೂ ಕಡಿಮೆಯಾಗುತ್ತದೆ. ಆದರೆ ಪುಟ್ಟ ಮಕ್ಕಳಿರುವ ಮನೆಯಲ್ಲಿ ಸೀಸದ ಟೇಪ್ ಬೇಡ. ಮುಟ್ಟಿದ ಕೈ ಬಾಯಿಗೆ ಹೋಗುತ್ತದೆ, ಸೀಸ ಮಕ್ಕಳ ಮಿದುಳಿಗೆ ವಿಷ. ಸ್ವಲ್ಪ ಹೆಚ್ಚು ಬೆಲೆಯಾದರೂ ಟಂಗ್‌ಸ್ಟನ್ ಟೇಪ್ ತನ್ನಿ.

ಬ್ಯಾಡ್ಮಿಂಟನ್ ಕೈಯವರಿಗೆ ಒಂದು ಮಾತು

ಊರಿನಲ್ಲಿ ಬ್ಯಾಡ್ಮಿಂಟನ್ ಆಡಿ ಬೆಳೆದವರಿಗೆ ಈ ಆಟ ಬೇಗ ಒಲಿಯುತ್ತದೆ. ಅಪಾಯವೂ ಅಲ್ಲೇ ಇದೆ. ಬ್ಯಾಡ್ಮಿಂಟನ್ ರ‍್ಯಾಕೆಟ್ ಸುಮಾರು 85 ಗ್ರಾಂ, ಪ್ಯಾಡಲ್ ಅದರ ಎರಡೂವರೆ ಪಟ್ಟು. ಅದೇ ಮಣಿಕಟ್ಟಿನ ಚುರುಕಿನಲ್ಲಿ ಇದನ್ನು ಬೀಸಿದರೆ ಮೊಣಕೈ ನೋವು ಬರುವ ಸಾಧ್ಯತೆ ಹೆಚ್ಚು. ನಿಮಗೆ ಈಗಾಗಲೇ ಮೊಣಕೈ ತೊಂದರೆ ಇದ್ದರೆ ಪವರ್ ಆಸೆ ಪಕ್ಕಕ್ಕಿಟ್ಟು 16 ಮಿಲಿಮೀಟರ್ ಪ್ಯಾಡಲ್ ಕೊಳ್ಳಿ. ಏಟಿನ ಬಲ ಭುಜ ಮತ್ತು ಸೊಂಟದಿಂದ ಬರಲಿ.

ಎದುರಿಗಿರುವುದು ನಿಮ್ಮದೇ ಮಗು

ನೆಟ್ಟಿನ ಎರಡೂ ಪಕ್ಕ ಏಳೇಳು ಅಡಿಯ ಜಾಗಕ್ಕೆ ಈ ಆಟದಲ್ಲಿ 'ಕಿಚನ್' ಎನ್ನುತ್ತಾರೆ. ಅದರೊಳಗೆ ನಿಂತು, ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಇಬ್ಬರೂ ಆ ಗೆರೆಗೆ ಬಂದು ನಿಂತರೆ ನಡುವೆ ಉಳಿಯುವುದು 14 ಅಡಿ. ಗಂಟೆಗೆ 64 ಕಿಲೋಮೀಟರ್ ವೇಗದ ಚೆಂಡು ಆ ದೂರವನ್ನು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತದೆ. ಎಂಟು ವರ್ಷದ ಮಗುವಿಗೆ ಪ್ಯಾಡಲ್ ಎತ್ತಲೂ ಸಮಯ ಸಿಗುವುದಿಲ್ಲ. ಚೆಂಡು ಕಣ್ಣಿಗೆ ಬಡಿದರೆ ಏಟು ಸಣ್ಣದಲ್ಲ.

ಆದ್ದರಿಂದ ಪವರ್ ಪ್ಯಾಡಲ್ ನಿಮ್ಮ ವಯಸ್ಸಿನವರ ಜೊತೆಗಿನ ಆಟಕ್ಕೆ. ಮಕ್ಕಳೊಂದಿಗೆ ಆಡುವಾಗ ನೀವೂ ದಪ್ಪ ಪ್ಯಾಡಲ್ ಹಿಡಿಯಿರಿ. ಮಕ್ಕಳಿಗೆ 200ರಿಂದ 215 ಗ್ರಾಂ ತೂಕದ, ನಾಲ್ಕು ಇಂಚು ಸುತ್ತಳತೆಯ ಹಿಡಿ ಇರುವ 16 ಮಿಲಿಮೀಟರ್ ಪ್ಯಾಡಲ್ ಸಾಕು. ಪ್ಯಾಡಲ್‌ನಲ್ಲಿ ಉಳಿಸಿದ ದುಡ್ಡಿನಲ್ಲಿ ಪಾಲಿಕಾರ್ಬೊನೇಟ್ ಗಾಜಿನ ಆಟದ ಕನ್ನಡಕ ಕೊಡಿಸಿ. ನೂರು ಡಾಲರಿನ ಲೆಕ್ಕದಲ್ಲಿ ಮೊದಲು ಹೋಗಬೇಕಾದ ಖರ್ಚು ಅದು.

ಈ ಆಟದ ಇನ್ನೊಂದು ಲಾಭಕ್ಕೆ ದುಡ್ಡು ಬೇಕಿಲ್ಲ. ಡಬಲ್ಸ್‌ನಲ್ಲಿ ಪ್ರತಿ ಸರ್ವ್‌ಗೂ ಮುನ್ನ ಮೂರು ಅಂಕಿಗಳನ್ನು ಜೋರಾಗಿ ಹೇಳಬೇಕು: ಸರ್ವ್ ಮಾಡುವವರ ಅಂಕ, ಎದುರಾಳಿಗಳ ಅಂಕ, ಸರ್ವ್ ಮಾಡುವವರು ಮೊದಲನೆಯವರೋ ಎರಡನೆಯವರೋ ಎಂಬುದು. ಆಟ ಶುರುವಾಗುವುದೇ 'ಸೊನ್ನೆ, ಸೊನ್ನೆ, ಎರಡು' ಎಂದು. ಮನೆಯವರೇ ಆಡುವಾಗ ಕನ್ನಡದಲ್ಲೇ ಹೇಳಿಸಿ. 'ಅಡುಗೆಮನೆಗೆ ಕಾಲಿಟ್ಟೆ, ಪಾಯಿಂಟ್ ನಮ್ಮದು' ಎಂದು ಕೂಗಿ ನೋಡಿ. ಪುಸ್ತಕ ಹಿಡಿದು ಕೂತರೆ ಆಕಳಿಸುವ ಮಕ್ಕಳೂ ಗೆಲ್ಲುವ ಹಟದಲ್ಲಿ ಹನ್ನೊಂದರವರೆಗೆ ತಪ್ಪಿಲ್ಲದೆ ಎಣಿಸುತ್ತಾರೆ.