ಪಂಪ್ ಅಪ್ ಎಂದರೇನು?



ಹೋದ ತಿಂಗಳು ಇಂಗ್ಲಿಷ್ ಪಿರಿಯಡ್‌ನಲ್ಲಿ ‘ದಿ ಟೀಚರ್ ಪಂಪ್ಡ್ ಅಪ್ ದಿ ಟೀಮ್’ ಎಂಬ ವಾಕ್ಯಕ್ಕೆ ಅರ್ಥ ಹೇಳಲು ನನ್ನನ್ನು ಎಬ್ಬಿಸಿದರು. ನಾನು ‘ಮೇಷ್ಟ್ರು ತಂಡಕ್ಕೆ ಗಾಳಿ ಹೊಡೆದರು’ ಅಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು. ಆಮೇಲೆ ಒಂದು ವಾರ ಇಂಗ್ಲಿಷ್ ಪಿರಿಯಡ್‌ನಲ್ಲಿ ನಾನು ಬಾಯಿಯೇ ಬಿಡಲಿಲ್ಲ. ಆದರೆ ನಾನು ಹೇಳಿದ್ದು ಪೂರ್ತಿ ತಪ್ಪೇನಲ್ಲ ಅಂತ ಈಗ ಗೊತ್ತಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಕ್ರಿಯಾಪದದ ಜೊತೆ ಅಪ್, ಔಟ್, ಆಫ್ ಮುಂತಾದ ಚಿಕ್ಕ ಪದ ಸೇರಿ ಬೇರೆ ಅರ್ಥ ಬರುವುದುಂಟು. ಅದಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ಗಿವ್ ಎಂದರೆ ಕೊಡು, ಗಿವ್ ಅಪ್ ಎಂದರೆ ಕೈಬಿಡು.

ಪಂಪ್ ಅಪ್‌ಗೆ ಮುಖ್ಯವಾಗಿ ಎರಡು ಅರ್ಥ:

1. ಗಾಳಿ ತುಂಬು. ಉದಾ: ಪಂಪ್ ಅಪ್ ದಿ ಟೈರ್.
2. ಹುರುಪು ತುಂಬು. ಉದಾ: ಪಂಪ್ ಅಪ್ ದಿ ಟೀಮ್.

ಗಾಳಿಯಿಲ್ಲದ ಸೈಕಲ್ ಮುಂದಕ್ಕೆ ಹೋಗಲ್ಲ. ಹುರುಪಿಲ್ಲದ ಮನುಷ್ಯನೂ ಹಾಗೆಯೇ. ನಮ್ಮ ಕನ್ನಡದಲ್ಲೂ ಇದೇ ಇದೆ ನೋಡಿ! ‘ಹುರಿದುಂಬಿಸು’ ಎಂಬುದನ್ನು ಬಿಡಿಸಿದರೆ ಹುರಿ + ತುಂಬಿಸು. ಹುರಿ ಎಂದರೆ ಬಲ. ತ ಹೋಗಿ ದ ಬಂದಿದೆ, ಆದೇಶ ಸಂಧಿ. ಅಲ್ಲೂ ತುಂಬಿಸುವುದು, ಇಲ್ಲೂ ತುಂಬಿಸುವುದು.

ಬಳಸುವಾಗ ನೆನಪಿಡಬೇಕಾದ್ದು: ಸರ್ವನಾಮ ಬಂದರೆ ಅದು ನಡುವೆ ಕೂರಬೇಕು. ‘ಪಂಪ್ ದೆಮ್ ಅಪ್’ ಸರಿ, ‘ಪಂಪ್ ಅಪ್ ದೆಮ್’ ತಪ್ಪು. ಹುರುಪು ಬಂದವರು ‘ಐ ಆಮ್ ಪಂಪ್ಡ್ ಅಪ್’ ಎನ್ನಬಹುದು. ಇದು ಮಾತಿನಲ್ಲಿ ಬಳಸುವ ಪದ, ರಜಾ ಅರ್ಜಿಯಲ್ಲಿ ಬರೆಯಬೇಡಿ. ಬೇಜಾರಿನಲ್ಲಿ ಇರುವವರಿಗೆ ಹೇಳುವುದು ‘ಚಿಯರ್ ಅಪ್’, ಅದು ಬೇರೆ.

ಮೊನ್ನೆ ಹೋಬಳಿ ಮಟ್ಟದ ಖೋ ಖೋದಲ್ಲಿ ಮೊದಲ ಇನ್ನಿಂಗ್ಸ್‌ಗೆ ನಾವು ಹಿಂದೆ ಬಿದ್ದಿದ್ದೆವು. ಎಲ್ಲರಿಗೂ ಕೈಕಾಲು ನಡುಕ. ಆಗ ಮೇಷ್ಟ್ರು, ‘ಓಡೋದು ನಿಮಗೆ ಹೊಸದೇನ್ರೇ? ದಿನಾ ಬಸ್ಸಿನ ಹಿಂದೆ ಓಡಲ್ವಾ?’ ಅಂದರು. ನಕ್ಕು ಎದ್ದೆವು. ಎರಡು ಪಾಯಿಂಟಲ್ಲಿ ಸೋತೆವು, ನಿಜ. ಆದರೆ ನಡುಕ ಹೋಗಿತ್ತು.

ಮಾರನೇ ದಿನ ಕ್ಲಾಸಿನಲ್ಲಿ ನಾನೇ ಕೈ ಎತ್ತಿ, ‘ಅವರ್ ಟೀಚರ್ ಪಂಪ್ಡ್ ಅಸ್ ಅಪ್’ ಅಂದೆ. ಯಾರೂ ನಗಲಿಲ್ಲ.

ನೀವೂ ಒಂದೊಂದು ವಾಕ್ಯ ಬರೆದು ಇದರ ಕೆಳಗೆ ಅಂಟಿಸಿ. ತಪ್ಪಾದರೂ ಪರವಾಗಿಲ್ಲ, ನಾನು ನಗಲ್ಲ.

– 7ನೇ ತರಗತಿ ವಿದ್ಯಾರ್ಥಿನಿ