ಸಿಹಿರಸದಿಂದ ಕಳ್ಳಿನವರೆಗೆ

ತೆಂಗಿನ ಮರದಿಂದ ಇಳಿಯುವ ರಸ ಹುಟ್ಟುವಾಗಲೇ ಕಳ್ಳಾಗಿರುವುದಿಲ್ಲ. ಬಿರಿಯದ ಹೊಂಬಾಳೆಯ ತುದಿಯಿಂದ ಜಿನುಗುವಾಗ ಅದು ಬರೀ ಸಿಹಿನೀರು. ನೂರು ಮಿಲಿಲೀಟರಿನಲ್ಲಿ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ. ಅದರಲ್ಲಿ ಬಹುಪಾಲು ಕಬ್ಬಿನಲ್ಲಿರುವಂಥದೇ ಸುಕ್ರೋಸ್. ಜತೆಗೆ ಒಂದಿಷ್ಟು ಅಮೈನೋ ಆಮ್ಲ, ಪೊಟ್ಯಾಸಿಯಂ. ಹುಳಿಯೂ ಇಲ್ಲ, ಅಮಲೂ ಇಲ್ಲ. ಆದರೆ ಕಾಸರಗೋಡಿನ ಕರಾವಳಿಯ ಸೆಕೆಯಲ್ಲಿ ಈ ಸ್ಥಿತಿ ಕೆಲವೇ ಗಂಟೆಗಳದ್ದು. ಸಂಜೆ ಕಟ್ಟಿದ ಮಡಕೆಯನ್ನು ಬೆಳಗ್ಗೆ ಇಳಿಸುವ ಹೊತ್ತಿಗೆ ಒಳಗೆ ನೊರೆ ಎದ್ದಿರುತ್ತದೆ.

ಮನೆಯಲ್ಲಿ ಮೊದಲ ಸಲ ಬಿಯರ್ ಮಾಡಲು ಹೊರಟವರ ಪಾಡು ಇದಕ್ಕೆ ತೀರಾ ವಿರುದ್ಧ. ಬಾರ್ಲಿಯಲ್ಲಿರುವುದು ಪಿಷ್ಟ, ಯೀಸ್ಟ್ ಅದನ್ನು ನೇರವಾಗಿ ತಿನ್ನಲಾರದು. ಆದ್ದರಿಂದ ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಗಂಟೆ ಹೊತ್ತು ನೆನೆಸಬೇಕು. ಆಗ ಮೊಳಕೆಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಸೋಸಿದ ರಸಕ್ಕೆ ಹಾಪ್ಸ್ ಹೂ ಹಾಕಿ ಕುದಿಸಿ, 20 ಡಿಗ್ರಿಗೆ ತಣಿಸಿ, ಯೀಸ್ಟ್ ಬೆರೆಸಿ, ಹೊರಗಿನ ಗಾಳಿ ಒಳಬಾರದಂತೆ ಮುಚ್ಚಿಟ್ಟು ಒಂದೆರಡು ವಾರ ಕಾಯಬೇಕು. ಕುದಿಸಿದಾಗ ರಸದಲ್ಲಿದ್ದ ಜೀವಿಗಳೆಲ್ಲ ಸತ್ತಿರುವುದರಿಂದ ಹೊರಗಿನ ಯೀಸ್ಟ್ ಹಾಕದೆ ವಿಧಿಯಿಲ್ಲ. ಕಳ್ಳಿನ ಮಡಕೆಯಲ್ಲಿ ಸಕ್ಕರೆಯೂ ಸಿದ್ಧ, ಯೀಸ್ಟೂ ಸಿದ್ಧ. ಇಲ್ಲಿ ಹುದುಗು ಬರಿಸುವುದಲ್ಲ, ಬರದಂತೆ ತಡೆಯುವುದೇ ವಿದ್ಯೆ.

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ತುಳು, ಕನ್ನಡ ಮಾತಿನಲ್ಲಿ ಕಳ್ಳು ಇಳಿಸುವ ಈ ಕಸುಬಿಗೆ ಮೂರ್ತೆ ಎನ್ನುತ್ತಾರೆ. ಪರಂಪರೆಯಿಂದ ಇದು ಬಿಲ್ಲವರ ಮತ್ತು ತೀಯರ ಕೈಯಲ್ಲಿದ್ದ ಕೆಲಸ. ಬಿರಿಯಲು ಇನ್ನೂ ಸಮಯವಿರುವ ಹೊಂಬಾಳೆಯನ್ನು ಆರಿಸಿ, ಒಡೆಯದಂತೆ ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ. ಎಲುಬಿನ ಅಥವಾ ಗಟ್ಟಿ ಮರದ ತುಂಡಿನಿಂದ ದಿನವೂ ಅದನ್ನು ಹದವಾಗಿ ತಟ್ಟುತ್ತಾರೆ. ಪೆಟ್ಟು ಜೋರಾದರೆ ಒಳಗಿನ ಹೂಗೊನೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಇಳಿಯುವುದಿಲ್ಲ. ಒಂದೆರಡು ವಾರದ ಬಳಿಕ ತುದಿ ಕೊಯ್ದರೆ ರಸ ತೊಟ್ಟಿಕ್ಕತೊಡಗುತ್ತದೆ. ಆಮೇಲೆ ಪ್ರತಿದಿನ ಬೆಳಿಗ್ಗೆ, ಸಂಜೆ ಮರವೇರಿ ತುದಿಯನ್ನು ತೆಳ್ಳಗೆ ಕೆತ್ತಬೇಕು; ಇಲ್ಲದಿದ್ದರೆ ಗಾಯ ಮುಚ್ಚಿಕೊಂಡು ರಸ ನಿಲ್ಲುತ್ತದೆ. ಒಳ್ಳೆಯ ಮರ ದಿನಕ್ಕೆ ಒಂದೂವರೆ, ಎರಡು ಲೀಟರು ಕೊಡುತ್ತದೆ. ಮಳೆಗಾಲದ ಜಾರು ಮರವನ್ನೂ ದಿನಕ್ಕೆ ಎರಡು ಸಲ ಹತ್ತುವ ಈ ದುಡಿಮೆಯ ಮುಂದೆ ಉಳಿದದ್ದೆಲ್ಲ ಸುಲಭ.

ಹುದುಗು ಬರಿಸುವ ಜೀವಿಗಳು ಕೊಯ್ದ ಗಾಯದ ಮೇಲೆ, ಗಾಳಿಯಲ್ಲಿ, ಸಿಹಿಗೆ ಮುತ್ತುವ ಜೇನ್ನೊಣ ಮತ್ತು ಕಣಜಗಳ ಮೈಮೇಲೆ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಮಡಕೆಯಲ್ಲೇ. ಹಿಂದಿನ ದಿನದ ಗಸಿ ಮಣ್ಣಿನ ರಂಧ್ರಗಳಲ್ಲಿ ಉಳಿದು, ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಮಡಕೆಯಲ್ಲಿ ರಸ ನಿಧಾನವಾಗಿ ಹುಳಿಯುವುದು ಇದೇ ಕಾರಣಕ್ಕೆ.

ಮಡಕೆಯೊಳಗೆ ಮೂರು ಕೆಲಸಗಳು ಒಂದರ ಮೇಲೊಂದು ಏರಿಕೊಂಡೇ ನಡೆಯುತ್ತವೆ. ಮೊದಲು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ರಸವನ್ನು ಹುಳಿ ಮಾಡುತ್ತವೆ. ಏಳರ ಸುತ್ತಮುತ್ತ ಇದ್ದ ಪಿಎಚ್ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ. ಹುಳಿ ಸಹಿಸಬಲ್ಲ ಯೀಸ್ಟಿಗೆ ಇದರಿಂದ ಅನುಕೂಲ. ಬಿಯರಿಗೂ ಬ್ರೆಡ್ಡಿಗೂ ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಇಲ್ಲೂ ಮುಖ್ಯ ಯೀಸ್ಟ್. ಅದು ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆದು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಲೆಕ್ಕದ ಪ್ರಕಾರ 100 ಗ್ರಾಂ ಗ್ಲೂಕೋಸಿನಿಂದ ಸುಮಾರು 51 ಗ್ರಾಂ ಆಲ್ಕೋಹಾಲ್ ಬರಬೇಕು, ಉಳಿದದ್ದು ಅನಿಲ. ನೊರೆ ಏಳುವುದೂ, ಬಿಗಿಯಾಗಿ ಮುಚ್ಚಿದ ಬಾಟಲಿ ಸಿಡಿಯುವುದೂ ಆ ಅನಿಲದಿಂದ. ಕಳ್ಳಿನ ಹಾಲುಬಿಳುಪು ಬಣ್ಣವೆಂದರೆ ರಸದಲ್ಲಿ ತೇಲುವ ಕೋಟ್ಯಂತರ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳೇ. ಹುದುಗು ಬರಿಸುವ ಕೆಲಸ ಜೀವಿಗಳದ್ದೆಂದು ಲೂಯಿ ಪಾಶ್ಚರ್ ತೋರಿಸಿದ್ದು 1857ರ ನಂತರದ ಪ್ರಯೋಗಗಳಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಜಾತಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ ಮೇಲೆ ಬಿಯರಿನ ರುಚಿ ಒಂದೇ ಸಮನಾಯಿತು. ಕಳ್ಳು ಅಂಥ ಶಿಸ್ತಿಗೆ ಒಳಪಡಲಿಲ್ಲ. ಮರದಿಂದ ಮರಕ್ಕೆ, ಬೆಳಗ್ಗಿನಿಂದ ಸಂಜೆಗೆ ಅದರ ರುಚಿ ಬದಲಾಗುತ್ತದೆ.

ಒಂದು ದಿನ ಕಳೆಯಿತೆಂದರೆ ಮೂರನೆಯ ಕೆಲಸ ಮೇಲುಗೈ ಪಡೆಯುತ್ತದೆ. ಅಸಿಟಿಕ್ ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕ ಬಳಸಿ ಆಲ್ಕೋಹಾಲನ್ನು ವಿನೆಗರ್ ಮಾಡುತ್ತವೆ. ಬಿಯರ್ ಮಾಡುವವರು ಪಾತ್ರೆಗೆ ಗಾಳಿ ಸೋಕದಂತೆ ನೋಡಿಕೊಳ್ಳುವುದು ಇದನ್ನು ತಪ್ಪಿಸಲೆಂದೇ. ತೆರೆದ ಮಡಕೆಯ ಕಳ್ಳಿಗೆ ಆ ರಕ್ಷಣೆ ಇಲ್ಲ. ಕರಾವಳಿಯ ಅಡುಗೆಯಲ್ಲಿ ಕಳ್ಳಿನ ವಿನೆಗರಿಗೂ ಸ್ಥಾನ ಇರುವುದರಿಂದ ಇದು ಪೂರ್ತಿ ನಷ್ಟವೇನಲ್ಲ.

ಹುದುಗನ್ನು ತಡೆಯುವ ಹಳೆಯ ಉಪಾಯ ಸುಣ್ಣ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ರಸ ಕ್ಷಾರವಾಗಿ ಯೀಸ್ಟೂ ಬ್ಯಾಕ್ಟೀರಿಯಾಗಳೂ ಏಳುವುದಿಲ್ಲ. ಆ ಸಿಹಿರಸವನ್ನು ಕಾಯಿಸಿ ಬೆಲ್ಲ ಮಾಡಬಹುದು. ಆದರೆ ಸುಣ್ಣದ ವಾಸನೆ ರಸದಲ್ಲಿ ಉಳಿಯುತ್ತದೆ. ಹೊಸ ಉಪಾಯ ಬಂದದ್ದು ಕಾಸರಗೋಡಿನಿಂದಲೇ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು 1970ರಲ್ಲಿ ಈಗಿನ ರೂಪ ಪಡೆದ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಂದನ್ನು ಹೊಂಬಾಳೆಗೆ ಜೋಡಿಸುವ ವಿಧಾನ ರೂಪಿಸಿತು. ರಸ ತೊಟ್ಟಿಕ್ಕುತ್ತಲೇ ತಣ್ಣಗಾಗುತ್ತದೆ. ಆ ಚಳಿಯಲ್ಲಿ ಯೀಸ್ಟ್ ಸಾಯುವುದಿಲ್ಲ, ಸುಮ್ಮನಿರುತ್ತದೆ. ಹೀಗೆ ಸಿಗುವ ಹೊಂಬಣ್ಣದ ರಸಕ್ಕೆ ಸಂಸ್ಥೆ ಇಟ್ಟ ಹೆಸರು ಕಲ್ಪರಸ. ಸುಣ್ಣವಿಲ್ಲದ ತೆಂಗಿನ ಸಕ್ಕರೆ ಅದರಿಂದ ಬರುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. ಕಾಸರಗೋಡು ಸೇರಿದ ಕೇರಳದಲ್ಲಿ ಈಗಲೂ ನಡೆಯುವುದು ಮಲಯಾಳಂ ಪಂಚಾಂಗದ ಕೊಲ್ಲವರ್ಷ 1077ರ ಅಬ್ಕಾರಿ ಕಾಯಿದೆ. ಕಳ್ಳು ಇಳಿಸಲು ಪರವಾನಗಿ ಬೇಕು. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಆ ಕಾಯಿದೆಯ 55ನೆಯ ಸೆಕ್ಷನ್ನಿನಡಿ ಅಪರಾಧ. ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮದ್ಯ ತಯಾರಿಸಲು ಹುಳಿಸಿದ ರಸ ಇಟ್ಟುಕೊಂಡು ಸಿಕ್ಕಿಬಿದ್ದವರಿಗೂ ಇದೇ ಸೆಕ್ಷನ್ನು. ಯೀಸ್ಟಿನ ಕೆಲಸವನ್ನು ಮನೆಯಲ್ಲೇ ನೋಡುವ ಆಸೆಯಿದ್ದವರು ಪರವಾನಗಿಯ ಶಾಪಿನಿಂದ ಒಂದಿಷ್ಟು ಕಳ್ಳು ತಂದು, ಅಕ್ಕಿ ಮತ್ತು ತೆಂಗಿನಕಾಯಿ ಅರೆದ ಹಿಟ್ಟಿಗೆ ಬೆರೆಸಿ ರಾತ್ರಿ ಇಡಲಿ. ಬೆಳಗ್ಗೆ ಹಿಟ್ಟು ಉಬ್ಬಿರುತ್ತದೆ; ಅಪ್ಪ ಹುಯ್ಯಬಹುದು.